ನೀರಾನೆ ಕಲ್ಲವ್ವನ ಬಾಣಂತನ

ಲೋಕ ಆಗಿನ್ನೂ ಹೊಸದು ಮಗೂ. ಬೆಟ್ಟಗಳಿಗೆ ಬಳಿದ ಬಣ್ಣ ಒಣಗಿರಲಿಲ್ಲ. ಆನೆ ತನ್ನ ಸೊಂಡಿಲನ್ನು ಏನು ಮಾಡಬೇಕೆಂದು ತಿಳಿಯದೆ ಆಗಾಗ ಅದನ್ನು ತಾನೇ ತುಳಿದುಕೊಂಡು ಅಳುತ್ತಿತ್ತು. ಹೊಳೆಗಳಂತೂ ಇನ್ನೂ ದಾರಿ ಹುಡುಕುತ್ತಿದ್ದವು. ಇವತ್ತು ಈ ಊರಿನ ಪಕ್ಕ ಹರಿದ ಹೊಳೆ ನಾಳೆ ಮನಸ್ಸು ಬದಲಿಸಿ ಇನ್ನೊಂದು ಊರಿನ ಪಕ್ಕ ಹರಿಯುತ್ತಿತ್ತು.

ಹಾಗೆ ಒಂದು ಹೊಳೆ ಹೇಳದೆ ಕೇಳದೆ ಎದ್ದು ಹೋದಾಗ ಎರಡು ನೀರಾನೆಗಳು ಕೆಸರಿನಲ್ಲೇ ಉಳಿದುಬಿಟ್ಟವು. ಹೆಣ್ಣಿನ ಹೆಸರು ಕಲ್ಲವ್ವ. ಅಲ್ಲಾಡದೆ ಕೂತರೆ ಬಂಡೆಯೋ ಪ್ರಾಣಿಯೋ ಗೊತ್ತಾಗುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಗಂಡಿನ ಹೆಸರು ಗುಡುಗಪ್ಪ. ಅದು ಯಾಕೆಂದು ನಿನಗೆ ಹೇಳಬೇಕಾಗಿಲ್ಲ. ಈಗ ತಾನೇ ಈ ಮೃಗಾಲಯದ ಆ ಗೋಡೆಯ ಆಚೆಯಿಂದ ನೀರಾನೆಯ ಕೂಗು ಕೇಳಿ ನೀನು ನನ್ನ ಪಂಚೆ ಹಿಡಿದುಕೊಂಡೆಯಲ್ಲ, ಅಂಥದೇ ದನಿ.

ಬಿಸಿಲಿಗೆ ಇಬ್ಬರ ಚರ್ಮವೂ ಬಿರಿಯತೊಡಗಿತು. ಆಗ ಆ ದಾರಿಯಲ್ಲಿ ದ್ಯಾವಕ್ಕ ಮತ್ತು ಹಾಲಪ್ಪ ಎಂಬ ಗಂಡಹೆಂಡತಿ ಬಂದರು. ಕೆರೆ ತೋಡುವುದು ಅವರ ಕಸುಬು. ಹಾಲಪ್ಪನದು ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ದ್ಯಾವಕ್ಕನೇ ಆಡುತ್ತಿದ್ದಳು.

“ಏನ್ರೀ, ಇವುನ್ನ ಹಿಂಗೇ ಬಿಟ್ಟೋದ್ರೆ ಉಂಡ ಅನ್ನ ಗಂಟಲಲ್ಲಿ ಇಳಿಯುತ್ತಾ ನಮಗೆ?” ಎಂದಳು ದ್ಯಾವಕ್ಕ.

ಹಾಲಪ್ಪ ಗುದ್ದಲಿ ಕೆಳಗಿಳಿಸಿ ತೋಡತೊಡಗಿದ.

ಅಕ್ಕಪಕ್ಕದಲ್ಲಿ ಎರಡು ಕೊಳಗಳಾದವು. ಗುಡುಗಪ್ಪನ ಸಿಟ್ಟಿಗೆ ಹೊತ್ತುಗೊತ್ತು ಇರಲಿಲ್ಲವಾದ್ದರಿಂದ ನಡುವೆ ಒಂದು ಗೋಡೆ, ಅದಕ್ಕೊಂದು ಬಾಗಿಲು. ಸುತ್ತಲೂ ಕಲ್ಲಿನ ಕಟ್ಟೆ, ಹತ್ತಿ ಇಳಿಯಲು ಒಂದು ಕಡೆ ಇಳಿಜಾರು, ಕೂರಲು ಕೊಳದ ನಡುವೆ ಒಂದು ಹಾಸುಬಂಡೆ, ನೀರು ಹೊರಗೆ ಬಿಡಲು ತಳದಲ್ಲಿ ಬಿಂದಿಗೆಯ ಬಾಯಿಯಷ್ಟು ಅಗಲದ ಒಂದು ತೂಬು. ಅಲ್ಲೇ ಅಲೆಯುತ್ತಿದ್ದ ಒಂದು ಹಳ್ಳವನ್ನು ದ್ಯಾವಕ್ಕ ಪುಸಲಾಯಿಸಿ ಕರೆತಂದಳು. ನೀರಾನೆಗಳು ನೀರಿಗಿಳಿದು ನಿಟ್ಟುಸಿರು ಬಿಟ್ಟವು.

ಪ್ರಾಣಿಗಳನ್ನು ಸಾಕಿ, ನೋಡಲು ಬಂದವರಿಗೆ ತೋರಿಸಿದ್ದು ಲೋಕದಲ್ಲಿ ಅದೇ ಮೊದಲು. ಬಂದವರು ಆಗಲೂ ಕಡಲೆಕಾಯಿ ಎಸೆದರು. ದ್ಯಾವಕ್ಕ ಅದನ್ನು ಆರಿಸಿ ಅವರ ಮೇಲೇ ವಾಪಸ್ಸು ಎಸೆದಳು. ನಾನು ಇಲ್ಲಿ ಮೂವತ್ತೊಂದು ವರ್ಷ ನೀರಾನೆಗಳಿಗೆ ಹುಲ್ಲು ಹಾಕಿದವನು, ನನಗೂ ಎಷ್ಟೋ ಸಲ ಹಾಗೇ ಮಾಡಬೇಕು ಅನ್ನಿಸಿದ್ದುಂಟು. ಕೆಲಸ ಹೋಗುತ್ತದೆಂದು ಸುಮ್ಮನಿದ್ದೆ.

ಮೊದಲ ವರ್ಷ ಕಲ್ಲವ್ವ ಒಂದು ಮರಿ ಹಾಕಿದಳು. ಆ ಮರಿ ಅರ್ಧ ದಿನವೂ ಉಳಿಯಲಿಲ್ಲ. ಯಾಕೆಂದು ಯಾರಿಗೂ ತಿಳಿಯಲಿಲ್ಲ, ಕಲ್ಲವ್ವ ಆ ಮರಿಯ ಮಾತನ್ನೇ ಎತ್ತಗೊಡಲಿಲ್ಲ. ಹೊಂಗೆ ಮರದ ಕೆಳಗೆ ಹಾಲಪ್ಪ ಅದನ್ನು ಮಣ್ಣು ಮಾಡಿ ಬಂದ. ಕಲ್ಲವ್ವ ಎರಡು ದಿನ ಹುಲ್ಲು ಮುಟ್ಟದೆ ಕೊಳದ ತಳವನ್ನೆಲ್ಲ ಮೂಗಿನಿಂದ ಹುಡುಕಿದಳು. ಅದನ್ನು ನೋಡಲಾರದೆ ದ್ಯಾವಕ್ಕ ಮುಖ ತಿರುಗಿಸಿ ಕೂತಳು.

“ನನ್ನದೇ ತಪ್ಪು. ಮೂರು ಹೆಣ್ಣುಮಕ್ಕಳ ಬಾಣಂತನ ಮಾಡಿದ ಕೈ ಇದು. ಈ ನಾಲ್ಕನೇದಕ್ಕೆ ಎಲ್ಲೋ ಏನೋ ಕಡಿಮೆ ಮಾಡ್ದೆ” ಎಂದಳು.

ಮರುವರ್ಷ ಕಲ್ಲವ್ವ ಮತ್ತೆ ಬಸುರಾದಳು. ಈ ಸಲ ಏನೂ ಕಡಿಮೆಯಾಗಬಾರದೆಂದು ದ್ಯಾವಕ್ಕ ಟೊಂಕ ಕಟ್ಟಿದಳು. ಎಂಟು ತಿಂಗಳೂ ಎಳೆಯ ಹುಲ್ಲು, ಸಿಹಿಗುಂಬಳ, ಬಾಳೆದಿಂಡು. ತಿಂಗಳು ತುಂಬುತ್ತಿದ್ದಂತೆ ಕೊಬ್ಬರಿ, ಬೆಲ್ಲ, ಅಂಟು ಹಾಕಿ ಬುಟ್ಟಿ ತುಂಬ ಅಂಟಿನುಂಡೆ ಕಟ್ಟಿದಳು. ಕಲ್ಲವ್ವ ಉಂಡೆಯ ಜೊತೆ ಬುಟ್ಟಿಯನ್ನೂ ನುಂಗಿದಳು. ದ್ಯಾವಕ್ಕ ಬಯ್ಯುತ್ತಲೇ ಇನ್ನೊಂದು ಬುಟ್ಟಿ ಹೆಣೆದಳು.

ಕೊನೆಗೆ ನೀರಿನ ವಿಷಯ ಬಂತು.

“ಬಾಣಂತಿ ಇರೋ ಮನೇಲಿ ಹಂಡೆ ಖಾಲಿ ಇರಬಾರದು. ಹೋದ ಸಲ ಕೊಳ ಅರ್ಧವೇ ಇತ್ತು. ಈ ಸಲ ತುಂಬಿ ತುಳುಕಬೇಕು” ಎಂದು ಹಳ್ಳಕ್ಕೆ ಹೇಳಿಕಳಿಸಿದಳು. ಕರೆದದ್ದೇ ತಡ, ಹಳ್ಳ ಖುಷಿಯಿಂದ ತಾನೂ ಬಂತು, ತನ್ನ ನೆಂಟರನ್ನೂ ಕರೆತಂತು. ಕೊಳ ಕಟ್ಟೆಯವರೆಗೂ ತುಂಬಿತು. ಇಳಿಜಾರು ಮುಳುಗಿತು, ನಡುವಿನ ಹಾಸುಬಂಡೆಯೂ ಮುಳುಗಿತು. ದ್ಯಾವಕ್ಕನಿಗೆ ಎಷ್ಟು ಸಂತೋಷವೆಂದರೆ ನೀರಿಗೆ ಅರಿಶಿನ ಕುಂಕುಮ ಹಾಕಿ ಕೈಮುಗಿದಳು.

ಇಲ್ಲೊಂದು ಗುಟ್ಟು ಹೇಳುತ್ತೇನೆ ಕೇಳು. ನೀರಾನೆಗೆ ಈಜು ಬರುವುದಿಲ್ಲ. ನಗಬೇಡ, ನಿಜ. ಅದು ನೀರಿನ ತಳದಲ್ಲಿ ನಡೆಯುತ್ತದೆ, ಉಸಿರು ಬೇಕಾದಾಗ ತಳವನ್ನು ಒದ್ದು ಮೇಲೆ ಬರುತ್ತದೆ. ದೊಡ್ಡವಕ್ಕೆ ಅದು ಸಾಕು. ಈಗ ತಾನೇ ಹುಟ್ಟಿದ ಮರಿಯ ಕಾಲಿಗೆ ಒದೆಯುವ ಬಲ ಎಲ್ಲಿಂದ ಬರಬೇಕು? ಇದು ದ್ಯಾವಕ್ಕನಿಗೆ ಗೊತ್ತಿರಲಿಲ್ಲ. ಅವಳ ಮೂವರು ಹೆಣ್ಣುಮಕ್ಕಳೂ ಹೆತ್ತದ್ದು ಚಾಪೆಯ ಮೇಲೆ.

ಮರಿ ಬೆಳಗಿನ ಹೊತ್ತು ನೀರಿನಲ್ಲೇ ಹುಟ್ಟಿತು. ಹುಟ್ಟಿದ್ದೇ ಮುಳುಗಿತು. ಕಲ್ಲವ್ವ ಗಾಬರಿಯಾಗಿ ಅದರ ಕೆಳಗೆ ಮೂತಿ ಹಾಕಿ ಮೇಲಕ್ಕೆ ಎತ್ತಿದಳು. ಮರಿ ಉಸಿರು ಎಳೆಯಿತು, ಜಾರಿತು, ಮುಳುಗಿತು. ಮತ್ತೆ ಎತ್ತಿದಳು. ಹಾಸುಬಂಡೆಯ ಮೇಲೆ ನಿಂತು ಕತ್ತು ಚಾಚಿದರೆ ಮಾತ್ರ ಅವಳ ಮೂತಿ ನೀರಿನ ಮೇಲೆ ಬರುತ್ತಿತ್ತು. ಇಳಿಜಾರಿನತ್ತ ಹೆಜ್ಜೆಯಿಟ್ಟರೆ ನಡುವೆ ಆಳ, ಅದಕ್ಕೇ ಅಲ್ಲೇ ನಿಂತಳು. ಹತ್ತು ಎಣಿಸುವಷ್ಟರಲ್ಲಿ ಒಂದು ಸಲ ಎತ್ತು, ಮತ್ತೆ ಹತ್ತು ಎಣಿಸುವಷ್ಟರಲ್ಲಿ ಮತ್ತೊಂದು ಸಲ ಎತ್ತು.

ದ್ಯಾವಕ್ಕ ಅಂಟಿನುಂಡೆಯ ಬುಟ್ಟಿ ಹಿಡಿದು ಕಟ್ಟೆಗೆ ಬಂದಳು. “ಕಲ್ಲವ್ವಾ, ಹೆಣ್ಣೋ ಗಂಡೋ? ಹೇಳೇ!”

ಕಲ್ಲವ್ವ ಮಾತಾಡಲಿಲ್ಲ. ಆ ಕಾಲದಲ್ಲಿ ಪ್ರಾಣಿಗಳೆಲ್ಲ ಮಾತಾಡುತ್ತಿದ್ದವು, ಕಲ್ಲವ್ವ ಸ್ವಲ್ಪ ಜಾಸ್ತಿಯೇ ಮಾತಾಡುತ್ತಿದ್ದಳು. ಆದರೆ ಮಾತಾಡಲು ಬಾಯಿ ತೆರೆಯಬೇಕಲ್ಲ. ಬಾಯಿ ತೆರೆದರೆ ಮೂತಿಯ ಮೇಲಿನ ಮರಿ ಜಾರುತ್ತಿತ್ತು. ಪಾಪ, ಅವಳು ಕಣ್ಣಿನಲ್ಲೇ ಏನೇನೋ ಹೇಳಿದಳು.

ದ್ಯಾವಕ್ಕ ಅದನ್ನು ಮುನಿಸು ಎಂದುಕೊಂಡಳು. “ಉಂಡೆಯನ್ನೂ ಮೂಸ್ತಿಲ್ಲ ನೋಡ್ರೀ. ನೀರು ಇನ್ನೂ ಸಾಲದು ಅಂತ ಸಿಟ್ಟು. ಇನ್ನೊಂದು ಗೇಣು ಬಿಡ್ರಿ” ಎಂದಳು.

ಹಾಲಪ್ಪ ಬಿಟ್ಟ. ನೀರು ಏರಿತು. ಕಲ್ಲವ್ವ ಇನ್ನಷ್ಟು ಕತ್ತು ಚಾಚಿ, ಮುಂಗಾಲಿನ ತುದಿಯಲ್ಲಿ ನಿಂತಳು.

ಅಷ್ಟರಲ್ಲಿ ಗಾಳಿ ಅಲ್ಲಿಗೆ ಬಂತು. ಹೊಸದಾಗಿ ಹುಟ್ಟಿದವರ ಮೂಗಿನೊಳಗೆ ಹೋಗಿ ಬರುವುದು ಅದರ ಕೆಲಸ. ಲೋಕ ಹೊಸದಾಗಿದ್ದರಿಂದ ಹುಟ್ಟುವವರು ಬಹಳ, ಗಾಳಿಗೆ ಕೂರಲೂ ಪುರುಸೊತ್ತು ಇರಲಿಲ್ಲ.

“ದ್ಯಾವಕ್ಕಾ, ಏನು ಮಾಡ್ತಿದೀಯ ನೀನು?” ಎಂದು ಕೇಳಿತು ಗಾಳಿ. “ಆ ಮರಿಯ ಮೂಗು ತಾನಾಗಿ ಮೇಲೆ ಬರ್ತಾ ಇಲ್ಲ. ಅವರವ್ವ ಎತ್ತಿದಾಗ ಒಂದು ಚೂರು ಒಳಗೆ ಹೋಗ್ತೀನಿ, ಅಷ್ಟೇ. ನೀರು ತೆಗಿ.”

“ನನಗೆ ಬಾಣಂತನ ಹೇಳಿಕೊಡೋಕೆ ಬಂದೆಯಾ? ಸುಂಟರಗಾಳಿಯಾಗಿ ನಮ್ಮ ಸೂರು ಹಾರಿಸಿಕೊಂಡು ಹೋದೋನು ನೀನೇ ಅಲ್ವಾ?”

ಗಾಳಿ ತಗ್ಗಿದ ದನಿಯಲ್ಲಿ ಹೇಳಿತು: “ಹೋದ ವರ್ಷದ ಮರಿಗೂ ನಾನು ಇಲ್ಲೇ ಕಾಯ್ತಾ ಇದ್ದೆ ದ್ಯಾವಕ್ಕ. ಕಲ್ಲವ್ವ ಎತ್ತಿ ಎತ್ತಿ ಸೋತುಹೋದಳು. ಆಮೇಲೆ ಆ ಮೂಗು ಮೇಲೆ ಬರಲೇ ಇಲ್ಲ.”

ದ್ಯಾವಕ್ಕನ ಕೈಯಿಂದ ಬುಟ್ಟಿ ಬಿತ್ತು. ಉಂಡೆಗಳು ಕಟ್ಟೆಯ ಮೇಲೆ ಉರುಳಿದವು. ಅವಳು ಕಲ್ಲವ್ವನ ಚಾಚಿದ ಕತ್ತು ನೋಡಿದಳು, ನಡುಗುವ ಮೂತಿ ನೋಡಿದಳು, ಅದರ ಮೇಲೆ ಹಲಸಿನ ಬೀಜದಷ್ಟು ಕಿವಿ ಅಲ್ಲಾಡಿಸುತ್ತಿದ್ದ ಮರಿಯನ್ನು ನೋಡಿದಳು. ತಾನು ಪ್ರೀತಿಯಿಂದ ತುಂಬಿಸಿದ ನೀರೇ ಈ ಮಗುವನ್ನೂ ನುಂಗುತ್ತದೆ ಎಂದು ಅವಳಿಗೆ ಅರಿವಾಯಿತು. ಆದರೆ ಅಳುತ್ತ ಕೂರುವ ಹೆಂಗಸಲ್ಲ ಅವಳು.

“ತೂಬು ಎತ್ತ್ರೀ!” ಎಂದು ಕೂಗಿದಳು.

“ಬೇಸಿಗೆ ಬರ್ತಾ ಇದೆ ಕಣೇ. ಹೋದ ನೀರು ಮತ್ತೆ ಬರಲ್ಲ” ಎಂದ ಹಾಲಪ್ಪ. ಆ ವರ್ಷ ಅವನು ಆಡಿದ ಅತಿ ದೊಡ್ಡ ಮಾತು ಅದು.

“ಬೇಸಿಗೆಗೆ ನಾನು ಬಿಂದಿಗೆಯಲ್ಲಿ ಹೊತ್ತು ತರ್ತೀನಿ. ಎತ್ತ್ರೀ ಅಂದೆ!”

ತೂಬು ತೆರೆಯಿತು. ನೀರಿಗೆ ಸಿಟ್ಟು ಬಂತು. “ಅರಿಶಿನ ಕುಂಕುಮ ಇಟ್ಟು ಕರೆದವಳೂ ನೀನೇ, ಈಗ ಹಿಂಬಾಗಿಲಿನಿಂದ ಕಳಿಸುವವಳೂ ನೀನೇ” ಎಂದಿತು.

“ತಪ್ಪಾಯ್ತು ಕಣವ್ವಾ. ನಿನ್ನ ಕಾಲಿಗೆ ಬೀಳ್ತೀನಿ, ಬೇಗ ಹೋಗು” ಎಂದಳು ದ್ಯಾವಕ್ಕ.

ನೀರಿಗೂ ಕರುಳಿತ್ತು. ಅವಸರ ಅವಸರವಾಗಿ ಹೊರಟಿತು. ಆದರೆ ಬಿಂದಿಗೆಯ ಬಾಯಿಯಷ್ಟು ತೂಬಿನಲ್ಲಿ ಎಷ್ಟು ಅವಸರ ಮಾಡಲು ಸಾಧ್ಯ? ಕೊಳ ಇಳಿಯಲು ಮೂರು ದಿನ ಬೇಕಾಗಿತ್ತು. ಮೂರು ದಿನವೂ ಕಲ್ಲವ್ವ ಕಣ್ಣು ಮುಚ್ಚುವಂತಿರಲಿಲ್ಲ.

ದ್ಯಾವಕ್ಕ ಕಟ್ಟೆ ಬಿಟ್ಟು ಏಳಲಿಲ್ಲ. “ಎತ್ತವ್ವಾ, ಎತ್ತು. ಹಾಂ, ಹಾಗೆ. ಇನ್ನೊಂದು ಸಲ, ನನ್ನ ಚಿನ್ನ” ಎನ್ನುತ್ತಲೇ ಇದ್ದಳು. ಹೇಳಿ ಹೇಳಿ ಅವಳ ಗಂಟಲು ಕಟ್ಟಿತು. ಗಾಳಿ ಬೇರೆ ಕೆಲಸವನ್ನೆಲ್ಲ ಬಿಟ್ಟು ಕೊಳದ ಮೇಲೇ ಕಾದು ನಿಂತಿತು. ಗೋಡೆಯ ಆಚೆಯಿಂದ ಗುಡುಗಪ್ಪ, “ಮಗು ಯಾರ ಹಾಗಿದೆ?” ಎಂದು ಗುಡುಗಿದ. “ಮೂತಿ ನಿನ್ನದೇ, ಪಾಪ” ಎಂದಿತು ಗಾಳಿ. ಅಷ್ಟು ಕಷ್ಟದಲ್ಲೂ ಹಾಲಪ್ಪನಿಗೆ ನಗು ಬಂತು.

ಒಂದು ದಿನ ಕಳೆಯಿತು. ಕಲ್ಲವ್ವ ಎತ್ತಿದಳು. ಎರಡು ದಿನ ಕಳೆಯಿತು. ಕಲ್ಲವ್ವ ಎತ್ತಿದಳು. ಮೂರನೆಯ ದಿನ ಬಿಸಿಲು ನೆತ್ತಿಗೆ ಬಂದಾಗ ನೀರು ಇನ್ನೂ ಒಂದಾಳು ಆಳವಿತ್ತು. ಮರಿಗೆ ನಿದ್ದೆ ಹತ್ತಿತ್ತು. ಕಲ್ಲವ್ವನ ಕಣ್ಣೂ ಎಳೆದುಕೊಂಡು ಹೋಯಿತು, ರೆಪ್ಪೆ ಮುಚ್ಚಿತು, ಮೂತಿ ವಾಲಿತು. ಮಲಗಿದ್ದ ಮರಿ ಜಾರಿ ತಳಕ್ಕೆ ಇಳಿಯಿತು.

“ಅಯ್ಯೋ ನನ್ನ ಕೂಸೇ!” ಎಂದು ದ್ಯಾವಕ್ಕ ಉಟ್ಟ ಸೀರೆಯಲ್ಲೇ ನೀರಿಗೆ ಹಾರಿದಳು. ನೀನು ಯಾವತ್ತೂ ಹಾಗೆ ಮಾಡಬೇಡ, ಮರಿ ಇರುವ ನೀರಾನೆಯ ಹತ್ತಿರ ಹೋಗಲು ನನಗೇ ಧೈರ್ಯವಿಲ್ಲ. ದ್ಯಾವಕ್ಕ ಮುಳುಗಿ ಕೈಯಾಡಿಸಿದಳು. ಕೆಸರು ಕದಡಿ ಏನೂ ಕಾಣಲಿಲ್ಲ. ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಮುಳುಗಿದಳು. ಮರಿ ಕೈಗೆ ಸಿಗಲಿಲ್ಲ. ಕಟ್ಟೆಯ ಮೇಲೆ ಹಾಲಪ್ಪ ತಲೆಯ ಮೇಲೆ ಕೈ ಹೊತ್ತು ಎಣಿಸುತ್ತಿದ್ದ. “ಎಂಟು... ಒಂಬತ್ತು... ಹತ್ತು...”

ಆಗ ನೀರು ಅಲುಗಿತು.

ಒಂದು ಪುಟ್ಟ ಮೂಗು ಮೇಲೆ ಬಂತು. “ಪುಸ್” ಎಂದಿತು. ಎರಡು ಕಿವಿಗಳು ಪಟಪಟನೆ ತಿರುಗಿ ನೀರು ಕೊಡವಿದವು. ಗಾಳಿ ಒಂದೇ ನೆಗೆತಕ್ಕೆ ಒಳಗೆ ಹೋಗಿ ಬಂತು. ಮರಿ ಮತ್ತೆ ಮೆಲ್ಲಗೆ ಇಳಿಯಿತು. ಅಷ್ಟೆಲ್ಲ ಆದರೂ ಅದರ ಕಣ್ಣು ಮುಚ್ಚಿಯೇ ಇತ್ತು. ಅದು ನಿದ್ದೆಯಲ್ಲಿತ್ತು.

ಮತ್ತೆ ಹತ್ತು ಎಣಿಸುವಷ್ಟರಲ್ಲಿ ಮತ್ತೆ ಮೂಗು ಮೇಲೆ ಬಂತು. ಪುಸ್. ಕಿವಿ ಪಟಪಟ. ಇಳಿಯಿತು. ಅದರ ಪಕ್ಕದಲ್ಲೇ ಕಲ್ಲವ್ವನೂ ನಿದ್ದೆಯಲ್ಲೇ ಮೂತಿ ಎತ್ತಿದಳು, ಉಸಿರು ಬಿಟ್ಟಳು, ಇಳಿದಳು. ಮೂತಿಯ ಮೇಲೆ ಮರಿ ಇಲ್ಲವೆಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ದ್ಯಾವಕ್ಕ ಒದ್ದೆ ಸೀರೆಯಲ್ಲಿ ನಡುಗುತ್ತ ಇಳಿಜಾರಿನಲ್ಲಿ ನಿಂತು ಬಾಯಿ ಬಿಟ್ಟು ನೋಡಿದಳು. “ಇದು ಯಾರು ಎತ್ತಿದ್ದು?” ಎಂದು ಕೇಳಿದಳು.

“ಅವರವ್ವನೇ. ಮೂರು ದಿನದಲ್ಲಿ ಎಷ್ಟು ಸಲ ಎತ್ತಿದಳೋ ನನಗೆ ಲೆಕ್ಕ ತಪ್ಪಿತು. ಈಗ ಅವಳು ಎತ್ತದಿದ್ದರೂ ಮರಿಯ ಮೈಗೆ ಅವಳು ಎತ್ತಿದ ಹಾಗೇ ಅನ್ನಿಸಿ, ಅದು ತಾನೇ ಮೇಲೇಳುತ್ತೆ” ಎಂದಿತು ಗಾಳಿ.

ಲೋಕ ಆಗ ಹಸಿಮಣ್ಣು ಮಗೂ. ಬೆರಳು ಒತ್ತಿದರೆ ಗುರುತು ಉಳಿಯುತ್ತಿತ್ತು. ಕಲ್ಲವ್ವನ ಮೂತಿಯ ಗುರುತು ಆ ಮರಿಯಲ್ಲಿ ಉಳಿಯಿತು, ಆ ಮರಿಯ ಮರಿಗಳಲ್ಲೂ ಉಳಿಯಿತು.

ಸಂಜೆಗೆ ನೀರು ಮೊಣಕಾಲಿಗೆ ಇಳಿಯಿತು. ಕಲ್ಲವ್ವ ಬೆಚ್ಚಿ ಎದ್ದು ಮರಿ ಹುಡುಕಿದಳು. ಅದು ಅವಳ ಹೊಟ್ಟೆಯ ಕೆಳಗೆ ಕಿವಿ ಮಡಿಚಿ ಹಾಲು ಕುಡಿಯುತ್ತಿತ್ತು. ಮೂರು ದಿನದ ಮೇಲೆ ಅವಳು ಬಾಯಿ ತೆರೆದಳು. “ಹೆಣ್ಣು ಮಗು ದ್ಯಾವಕ್ಕಾ. ಉಂಡೆ ಇನ್ನೂ ಉಳಿದಿದೆಯಾ?” ಎಂದಳು. ದ್ಯಾವಕ್ಕ ನಕ್ಕಳು, ಆಮೇಲೆ ಮನಸಾರೆ ಅತ್ತಳು. ಆಡಿದ ಮಾತಿನಂತೆ ಬೇಸಿಗೆಯಿಡೀ ಬಿಂದಿಗೆಯಲ್ಲಿ ನೀರು ಹೊತ್ತಳು.

ಅಂದಿನಿಂದ ನೀರಾನೆ ಸಾಕುವವರು ಅದು ಬಸುರಾದರೆ ಗಂಡನ್ನು ಗೋಡೆಯ ಆಚೆ ಇಟ್ಟು, ಕೊಳವನ್ನು ಮೊಣಕಾಲಿನವರೆಗೆ ಇಳಿಸುತ್ತಾರೆ. ನಾನೂ ಇಳಿಸಿದ್ದೇನೆ. ನನ್ನ ಕಾಲದಲ್ಲಿ ಈ ಕೊಳದಲ್ಲಿ ಏಳು ಮರಿಗಳಾದವು, ಏಳೂ ಬದುಕಿದವು. ಅದನ್ನು ನೆನೆದರೆ ಈಗಲೂ ನನ್ನ ಎದೆ ತುಂಬುತ್ತದೆ.

ಅಗೋ, ಗೋಡೆಗೆ ಒರಗಿ ನೀರೊಳಗೆ ಮಲಗಿದೆಯಲ್ಲ ಆ ಮುದಿ ನೀರಾನೆ, ಅದರ ಅವ್ವ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಆದರೂ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿರು: ಅದು ಕಣ್ಣು ತೆರೆಯದೆ, ನಿದ್ದೆ ಕೆಡಿಸಿಕೊಳ್ಳದೆ ಮೆಲ್ಲಗೆ ಮೇಲೆ ಬರುತ್ತದೆ, ಪುಸ್ಸೆಂದು ಉಸಿರು ಬಿಟ್ಟು ಕಿವಿ ಕೊಡವಿ ಮತ್ತೆ ಇಳಿಯುತ್ತದೆ, ಯಾಕೆಂದರೆ ಇವತ್ತಿಗೂ ಅದನ್ನು ಕೆಳಗಿನಿಂದ ಎತ್ತುತ್ತಿರುವುದು ಅದರ ಅವ್ವ.