ಕರೆಂಟು ಸೋಸುವ ಸ್ಟೆಬಿಲೈಸರ್

ಸುಗುಣಾಬಾಯಿಯವರ ಮನೆಯಲ್ಲಿ ಹಾಡು ಹಾಕಿದಾಗಲೆಲ್ಲ ನಡುವೆ ಗುಂಯ್ ಎಂಬ ಸದ್ದು ಕೇಳುತ್ತಿತ್ತು. ಕರೆಂಟನ್ನು ಸೋಸಿ ಕೊಡಲೆಂದು ಹೊಸದಾಗಿ ತಂದಿದ್ದ ಸ್ಟೆಬಿಲೈಸರಿಗೆ ಇದು ಅವಮಾನವೆನಿಸಿತು.

"ಅಜ್ಜ, ನಿನ್ನ ಗಂಟಲು ಕಟ್ಟಿದೆ," ಎಂದು ಅದು ಹಳೆಯ ಸ್ಪೀಕರಿಗೆ ಹೇಳಿತು. "ನಾನು ಕೊಡುವ ಕರೆಂಟಿನಲ್ಲಿ ಕಸವಿಲ್ಲ."

"ನೀನು ಬರುವ ಮೊದಲು ನನ್ನ ಗಂಟಲು ಚೆನ್ನಾಗಿಯೇ ಇತ್ತಪ್ಪ," ಎಂದಿತು ಸ್ಪೀಕರ್.

"ಮುದುಕರೆಲ್ಲ ಹೇಳುವುದು ಇದನ್ನೇ."

ಸುಗುಣಾಬಾಯಿಯೂ ಸ್ಪೀಕರನ್ನೇ ಅನುಮಾನಿಸಿ ಗುಜರಿಯವನ ಗಾಡಿಗೆ ಹಾಕಿಸಿದರು. ಗಾಡಿ ಕಣ್ಮರೆಯಾದ ಮೇಲೆ ಸ್ಟೆಬಿಲೈಸರ್, ಇನ್ನು ಮನೆ ಶುದ್ಧವಾಯಿತೆಂದು, ನಿಶ್ಶಬ್ದಕ್ಕೆ ಕಿವಿಗೊಟ್ಟಿತು.

ಹಾಡುವ ಬಾಯಿಯೇ ಇಲ್ಲದ ಆ ಕೋಣೆಯಲ್ಲಿ ಗುಂಯ್ ಎಂಬ ಸದ್ದು ಹಾಗೆಯೇ ಇತ್ತು. ಸ್ಟೆಬಿಲೈಸರ್ ದಂಗಾಗಿ ಉಸಿರು ಬಿಗಿಹಿಡಿಯಿತು. ಸದ್ದು ಬರುತ್ತಿದ್ದದ್ದು ಅದರ ಹೊಟ್ಟೆಯೊಳಗಿಂದ.