ಪೈಲ್ವಾನ ಹೆಣೆದ ಆನೆಮರಿ ಅಂಗಿ

ದೀಪ ಸಣ್ಣದು ಮಾಡಿದೀನಿ, ಕಾಲು ಚಾಚ್ಕೊ, ದುಪ್ಪಟಿ ಕತ್ತಿನವರೆಗೂ ಎಳ್ಕೊ. ಹಾಂ, ಹಾಗೆ. ಈಗ ಹೂಂ ಅನ್ನು.

ಒಂದಾನೊಂದು ಕಾಲ ಅಂತಾರಲ್ಲ, ಆ ಕಾಲ ಇನ್ನೂ ಹೊಸದಾಗಿದ್ದಾಗ ಕರಿಗಲ್ಲುದುರ್ಗ ಅಂತ ಒಂದು ಊರು, ಊರಿಗೊಬ್ಬ ದೊರೆ, ಆ ದೊರೆ ಗರಡೀಲಿ ಸಿರಿಯಣ್ಣ ಅಂತ ಒಬ್ಬ ಪೈಲ್ವಾನ ಇದ್ನಂತೆ. ಎಂಥ ಪೈಲ್ವಾನ ಅಂತೀಯಾ? ಬೆಳಿಗ್ಗೆ ಎದ್ದು ಒಂದು ಬಿಂದಿಗೆ ಹಾಲು ಕುಡಿದು, ನಿನ್ನ ತಲೆಯಷ್ಟು ದಪ್ಪದ ರಾಗಿಮುದ್ದೆ ನುಂಗಿ, ಗರಡೀಗೆ ಹೋಗಿ ತೊಡೆ ತಟ್ಟಿದ್ರೆ ಕೋಟೆ ಮೇಲಿನ ಪಾರಿವಾಳ ಎಲ್ಲಾ ಪಟಪಟ ಹಾರಿಹೋಗ್ತಿದ್ವಂತೆ. ಅವನ ಬೆನ್ನಿಗೆ ಮಣ್ಣು ತಾಗಿಸಿದೋರು ಸುತ್ತ ಸೀಮೇಲೇ ಇರಲಿಲ್ಲ. ಆದ್ರೆ ಮನುಷ್ಯ ಮಾತ್ರ ಬಲು ಮೆದು. ದಾರೀಲಿ ಇರುವೆ ಸಾಲು ಕಂಡ್ರೆ ಕಾಲೆತ್ತಿ ದಾಟ್ಕೊಂಡು ಹೋಗ್ತಿದ್ನಂತೆ.

ಒಂದ್ಸಲ ಪಕ್ಕದ ಸೀಮೆಗೆ ಕುಸ್ತಿಗೆ ಹೋಗಿ, ಗೆದ್ದು, ಗುಡ್ಡದ ದಾರೀಲಿ ಒಬ್ನೇ ವಾಪಸ್ ಬರ್ತಾ ಇದ್ದ. ಹಳ್ಳದ ಬಂಡೆ ಮೇಲೆ ಪಾಚಿ ಕಟ್ಟಿತ್ತು. ಜರ್ ಅಂತ ಜಾರಿ ಬಿದ್ದ ನೋಡು, ಕಾಲು ಮುರೀತು. ಅಷ್ಟು ದೊಡ್ಡ ಆಳು ಅವ್ವಾ ಅಂತ ಕೂಗಿದ್ದು ಗುಡ್ಡದಾಚೆ ಕುರಿ ಕಾಯೋರಿಗೆ ಕೇಳಿಸ್ತಂತೆ. ಅವರು ಓಡಿಬಂದು, ಎತ್ತೋಕೆ ನೋಡಿ, ಆಗದೆ, ಕಂಬಳಿ ಮೇಲೆ ಉರುಳಿಸ್ಕೊಂಡು ಎಳೆದು ಎಳೆದು ತಮ್ಮ ಹಟ್ಟಿಗೆ ತಂದು, ಕಾಲಿಗೆ ಬಿದಿರು ದಬ್ಬೆ ಕಟ್ಟಿ ಮಲಗಿಸಿದ್ರಂತೆ. ಕಾಲು ಕೂಡೋವರೆಗೂ ಮಿಸುಕಬಾರದು ಅಂದ್ರಂತೆ.

ಮಲಗಿ ಮಲಗಿ ಅವನಿಗೆ ಹುಚ್ಚು ಹಿಡಿಯೋದೊಂದು ಬಾಕಿ. ಗರಡಿ ನೆನಪಾಗೋದು, ಹೆಂಡತಿ ಬೊಮ್ಮಕ್ಕ ನೆನಪಾಗೋಳು, ಕಣ್ಣಲ್ಲಿ ನೀರು ಬರೋದು. ಆ ಹಟ್ಟೀಲಿ ಮಾರಜ್ಜಿ ಅಂತ ಒಬ್ಳು ಮುದುಕಿ. ಇವನ ಅಳು ನೋಡಿ ನೋಡಿ ಸಾಕಾಗಿ, ಒಂದಿನ ಎರಡು ಬಿದಿರು ಕಡ್ಡಿ, ಒಂದು ಉಣ್ಣೆ ಉಂಡೆ ತಂದು ಅವನ ಹೊಟ್ಟೆ ಮೇಲೆ ಹಾಕಿ, ಕಾಲು ಮುರಿದಿರೋದು, ಕೈಯಲ್ಲವಲ್ಲ, ಹೆಣಿ ಅಂದ್ಲಂತೆ.

ಸಿರಿಯಣ್ಣನ ಬೆರಳೋ, ಒಂದೊಂದೂ ಬಾಳೆಹಣ್ಣಿನ ಗಾತ್ರ. ಒಂದು ಕುಣಿಕೆ ಹಾಕಿದ್ರೆ ಇನ್ನೊಂದು ಜಾರೋದು, ಜಾರಿದ್ದನ್ನ ಹಿಡಿಯೋಕೆ ಹೋದ್ರೆ ಕಡ್ಡಿ ಮುರಿಯೋದು. ಮಾರಜ್ಜಿ ನೋಡಿ, ಅಯ್ಯೋ ನನ್ನಪ್ಪಾ, ಅದರ ಕತ್ತು ಯಾಕೆ ಹಿಸುಕ್ತೀಯೋ, ಅದು ನೂಲು, ನಿನ್ನ ಎದುರಾಳಿ ಅಲ್ಲ, ಉಸಿರು ಬಿಟ್ಟು ಹೆಣಿ ಅಂತಿದ್ಲಂತೆ.

ಹೀಗೆ ಮೊದಲು ಒಂದು ಕಾಲ್ಚೀಲ ಹೆಣೆದ. ಎಷ್ಟು ಅಗಲ ಆಯ್ತು ಅಂದ್ರೆ ಅದರೊಳಗೆ ಒಂದು ಕುರಿಮರಿ ಹೋಗಿ ಮಲಗಿಬಿಡ್ತು. ಆಮೇಲೆ ಒಂದು ಟೋಪಿ ಹೆಣೆದ. ಅದು ಎಷ್ಟು ಬಿಗಿ ಅಂದ್ರೆ ತೆಂಗಿನಕಾಯಿಗೂ ಹಿಡಿಸ್ಲಿಲ್ಲ. ಮೂರನೇದು, ಮಾರಜ್ಜಿಗೇ ಅಂತ ಒಂದು ತೋಳಿಲ್ಲದ ಅಂಗಿ. ತಪ್ಪಿದಾಗೆಲ್ಲ ಬಿಚ್ಚಿದ, ಮತ್ತೆ ಹೆಣೆದ, ಮತ್ತೆ ಬಿಚ್ಚಿದ. ಮುಗಿಸಿ ಕೊಟ್ರೆ ಅಜ್ಜಿ ಹಾಕ್ಕೊಂಡು, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಹಾಗೇ ಕುರಿ ಹಾಲು ಕರೆಯೋಕೆ ಹೊರಟುಹೋದ್ಲಂತೆ. ಸಾಯಂಕಾಲ ಆದ್ರೂ ಬಿಚ್ಚಿಡಲಿಲ್ಲ, ಮಾರನೇ ದಿನಾನೂ ಬಿಚ್ಚಿಡಲಿಲ್ಲ. ಸಿರಿಯಣ್ಣಂಗೆ ಅಷ್ಟು ಕುಸ್ತಿ ಗೆದ್ದಾಗ್ಲೂ ಅಂಥ ಖುಷಿ ಆಗಿರಲಿಲ್ಲವಂತೆ.

ಅಷ್ಟರಲ್ಲಿ ಅವನಿಗೆ ಉಣ್ಣೆ ಹುಚ್ಚು ಪೂರಾ ಹಿಡಿದಿತ್ತು. ಕಣ್ಮುಚ್ಕೊಂಡು ಮುಟ್ಟಿ, ಇದು ಟಗರಿಂದು, ಇದು ಮುದಿ ಕುರೀದು ಅಂತ ಹೇಳೋನು. ಕಾಲು ಕೂಡಿ ಹೊರಡುವಾಗ ಮಾರಜ್ಜಿ ಅವನಿಗೆ ಮೂರು ಉಂಡೆ ಕೊಟ್ಲು. ಒಂದು ಕರಿದು, ಒಂದು ಬೂದಿ ಬಣ್ಣದ್ದು. ಇನ್ನೊಂದು ಕಂದು ಬಣ್ಣದ್ದು, ಎಳೇ ಮರಿಗಳ ಮೊದಲ ಸಲದ ಉಣ್ಣೆ, ಅದೂ ಕತ್ತಿನ ಹತ್ತಿರದ್ದು ಮಾತ್ರ. ಕೆನ್ನೆಗೆ ಒತ್ತಿದ್ರೆ ಬೆಚ್ಚಗೆ ಯಾರೋ ಉಸಿರು ಬಿಟ್ಟ ಹಾಗೆ ಇತ್ತಂತೆ. ಅದನ್ನ ಮಾತ್ರ ಸಿರಿಯಣ್ಣ ಯಾವತ್ತೂ ಹೆಣೆಯೋಕೆ ತೆಗೀಲಿಲ್ಲ. ತೆಗೆದು ನೋಡೋನು, ಮೂಸೋನು, ಮತ್ತೆ ಒಳಗಿಡೋನು.

ಊರಿಗೇನೋ ಬಂದ. ಆದ್ರೆ ಪೈಲ್ವಾನ ಆದೋನು ಕೂತ್ಕೊಂಡು ಹೆಣೀತಾನೆ ಅಂದ್ರೆ ಜನ ನಗಲ್ವಾ? ಹೆಂಡತಿಗೂ ಹೇಳದೆ, ಕಡ್ಡೀನೂ ಉಣ್ಣೇನೂ ರಾಗಿ ತುಂಬೋ ಮಣ್ಣಿನ ವಾಡೆ ಒಳಗೆ ಬಚ್ಚಿಟ್ಟು, ಅವಳು ನೀರಿಗೆ ಹೋದಾಗ ಹೆಣೆಯೋನಂತೆ. ಒಂದಿನ ಬೊಮ್ಮಕ್ಕ ರಾಗಿ ತೆಗೆಯೋಕೆ ಕೈ ಹಾಕಿದ್ರೆ ಸಿಕ್ಕಿದ್ದೇನು? ಮಗು ಕುಲಾವಿ! ಇವರಿಗೋ ಮಕ್ಕಳಿಲ್ಲ. ಗಂಡ ಬರೋದನ್ನೇ ಕಾದಿದ್ದು, ಎಲ್ಲಿ ಇನ್ನೊಂದು ಸಂಸಾರ ಹೂಡಿದೀಯ, ಆ ಕೂಸು ಯಾರದ್ದು, ನಿಜ ಹೇಳು ಅಂತ ಒನಕೆ ಎತ್ಕೊಂಡು ನಿಂತ್ಲಂತೆ. ಅಂಥ ಪೈಲ್ವಾನ ಗೋಡೆಗೆ ಅಂಟ್ಕೊಂಡು, ಕೂಸೂ ಇಲ್ಲ ಸಂಸಾರಾನೂ ಇಲ್ಲ ಕಣೇ, ಅದನ್ನ ನಾನೇ ಹೆಣೆದಿದ್ದು ಅಂದ. ಅವಳು ನಂಬಲಿಲ್ಲ. ಹಾಗಾದ್ರೆ ನನ್ನ ಕಣ್ಣೆದುರಿಗೆ ಹೆಣಿ ಅಂದ್ಲು. ಇವನು ಕೂತು ಒಂದು ಸಾಲು, ಎರಡು ಸಾಲು ಹೆಣೆದ. ಅವಳು ಒನಕೆ ಕೆಳಗಿಟ್ಟು, ನಗೋಕೆ ಶುರು ಮಾಡಿ, ನಕ್ಕೂ ನಕ್ಕೂ ನೆಲದ ಮೇಲೆ ಕೂತು, ಕಣ್ಣೊರೆಸ್ಕೊಂಡು, ಆಮೇಲೆ ಮೆಲ್ಲಗೆ, ನನಗೂ ಒಂದು ಹೆಣೆದುಕೊಡ್ತೀಯಾ ಅಂತ ಕೇಳಿದ್ಲಂತೆ.

ಆವತ್ತಿಂದ ಅವನು ಒಳಗೆ ಹೆಣೆಯೋದು, ಅವಳು ಬಾಗಿಲಲ್ಲಿ ಕೂತು ಅವರೆಕಾಯಿ ಸುಲೀತಾ ಕಾವಲು ಕಾಯೋದು. ಆದ್ರೂ ಗುಟ್ಟು ಎಷ್ಟು ದಿನ ನಿಲ್ಲುತ್ತೆ? ಸಿರಿಯಣ್ಣನ ಶಿಷ್ಯ ದುಗ್ಗಪ್ಪ ಅಂತ ಒಬ್ಬ ಇದ್ದ, ಗುರುವಿನ ಜಾಗ ಯಾವಾಗ ಸಿಗುತ್ತೋ ಅಂತ ಕಾಯ್ತಿದ್ದೋನು. ಅವನು ಹಿತ್ತಲ ಕಡೆಯಿಂದ ಬಂದು ಕಿಟಕೀಲಿ ಇಣುಕಿ ನೋಡಿಬಿಟ್ಟ. ಸಂಜೆ ಒಳಗೆ ಊರಿಗೆಲ್ಲಾ ಗೊತ್ತಾಯ್ತು. ಬಾವಿ ಕಟ್ಟೇಲಿ ನಗು, ಸಂತೇಲಿ ನಗು.

ನವರಾತ್ರಿ ಬಂತು. ದೊರೆ ಮುಂದೆ ಕುಸ್ತಿ. ಸಿರಿಯಣ್ಣ ಅಖಾಡಕ್ಕೆ ಇಳಿದಿದ್ದೇ ತಡ, ಜನದ ಮಧ್ಯದಿಂದ ಯಾರೋ ಒಂದು ಉಣ್ಣೆ ಉಂಡೆ ಎಸೆದ್ರು. ಅದು ಕೆಮ್ಮಣ್ಣಲ್ಲಿ ಉರುಳಿ ಅವನ ಕಾಲ ಹತ್ತಿರ ಬಂದು ನಿಂತ್ಕೊಂಡ್ತು. ಅವನು ಏನು ಮಾಡಬೇಕಿತ್ತು, ಒದ್ದು ದೂರ ತಳ್ಳಬೇಕಿತ್ತು ತಾನೇ? ಇವನು ಬಗ್ಗಿ ಎತ್ಕೊಂಡು, ಅಯ್ಯೋ ಮಣ್ಣಾಯ್ತಲ್ಲ ಅಂತ ಉಫ್ ಉಫ್ ಅಂತ ಊದಿದ. ಊರಿಗೆ ಊರೇ ಬಿದ್ದು ಬಿದ್ದು ನಗ್ತು. ದೊರೇನೂ ನಕ್ಕ. ಆ ನಗು ಕೇಳಿ ಸಿರಿಯಣ್ಣನ ಕೈಕಾಲಲ್ಲಿ ಇದ್ದ ಬಲ ಎಲ್ಲಾ ಸೋರಿಹೋಯ್ತು ಕಣೋ ಕೂಸೇ. ಎದುರಾಳಿ ಎತ್ತಿ ಒಗೆದ. ಮೊದಲನೇ ಸಲ ಅವನ ಬೆನ್ನಿಗೆ ಮಣ್ಣು ತಾಗ್ತು. ದೊರೆ ಸಿಟ್ಟಾಗಿ, ನಾಳೆಯಿಂದ ಗರಡಿ ದುಗ್ಗಪ್ಪಂದು, ನೀನು ಮನೇಲೇ ಕೂತು ಟೋಪಿ ಹೆಣ್ಕೊ ಅಂದುಬಿಟ್ಟ.

ಮನೆಗೆ ಬಂದೋನು ಕಡ್ಡೀನೆಲ್ಲಾ ಅಟ್ಟದ ಮೇಲೆ ಎಸೆದ. ಇನ್ನು ಮುಟ್ಟಲ್ಲ, ನನ್ನ ಮಾನ ಕಳೆದಿದ್ದು ಇದೇ ಅಂದ. ಬೊಮ್ಮಕ್ಕ ಅವನ ಬೆನ್ನಿನ ಮಣ್ಣು ತೊಳೀತಾ, ಪಾಪ ಕಡ್ಡಿ ಏನು ಮಾಡ್ತು, ನೀನು ನಾಚಿಕೆಪಟ್ಯಲ್ಲ, ಅದಕ್ಕೆ ಸೋತೆ ಅಂದ್ಲು. ಆವತ್ತಿಂದ ಅವನು ಗರಡಿ ದಾರಿ ತುಳೀಲಿಲ್ಲ. ಉಣ್ಣೋದೂ ಅರ್ಧಕ್ಕರ್ಧ ಕಮ್ಮಿ ಮಾಡಿದ್ನಂತೆ.

ಆಮೇಲೆ ಮಾಗಿ ಚಳಿ ಬಂತು. ಆ ವರ್ಷ ಎಂಥ ಚಳಿ ಅಂದ್ರೆ ಕೊಡದ ನೀರು ಮುಟ್ಟಿದ್ರೆ ಕೈ ಕಚ್ಚೋದು. ಅರಮನೆ ಲಾಯದಲ್ಲಿ ಹಿರೀ ಆನೆ ಮರಿ ಹಾಕಿ, ಮರಿ ಎದ್ದು ನಿಲ್ಲೋದ್ರೊಳಗೆ ಪ್ರಾಣ ಬಿಡ್ತು. ಆ ಹೆಣ್ಣು ಮರಿಗೆ ಮಾವುತ ಇಮಾಮ್ ಸಾಬಿ ಮುನ್ನಿ ಅಂತ ಹೆಸರಿಟ್ಟ. ತಾಯಿ ಮೈ ಬಿಸಿ ಇಲ್ಲದೆ ಮುನ್ನಿ ಗಡಗಡ ನಡುಗೋಳು. ಹಾಲು ಇಟ್ರೆ ಮುಖ ತಿರುಗಿಸೋಳು.

ಮದ್ದು ಕೊಡೋ ಪಂಡಿತರು ಬಂದು ಬೆಂಕಿ ಹಾಕಿ ಅಂದ್ರು. ಹಾಕಿದ್ರೆ ಹೊಗೆಗೆ ಹೆದರಿ ಗೋಡೆಗೆ ತಲೆ ಗುದ್ಕೊಂಡ್ಲು. ರಾಣಿ ತನ್ನ ರೇಷ್ಮೆ ಶಾಲು ಕಳಿಸಿದ್ಲು. ಹೊದಿಸಿದ್ರೆ ಜಾರಿ ಬಿತ್ತು, ತುಳಿದು ಮುಗ್ಗರಿಸಿದ್ಲು. ಕಂಬಳಿ ಕಟ್ಟಿದ್ರು. ಎಳೇ ಚರ್ಮ ನೋಡು, ಕಿವಿ ಹಿಂದೆ ಕಂಬಳಿ ಚುಚ್ಚಿ ಚುಚ್ಚಿ ಕೆಂಪಗಾಗಿ, ಅಮ್ಮನ್ನ ಕರೆಯೋ ಹಾಗೆ ಕೂಗಿದ್ಲಂತೆ. ಆ ಕೂಗು ಕೇಳಿ ಅರಮನೇಲಿ ಯಾರೂ ಊಟ ಮಾಡಲಿಲ್ಲವಂತೆ.

ಇಮಾಮ್ ಸಾಬಿ ನೇರ ಸಿರಿಯಣ್ಣನ ಮನೆಗೆ ಬಂದ. ಸಿರಿಯಣ್ಣಾ, ಮೈಗೆ ಅಂಟ್ಕೊಂಡಿರಬೇಕು, ಚುಚ್ಚಬಾರದು, ನಡೆದ್ರೆ ಜಾರಬಾರದು, ಅಂಥದ್ದು ನೀನು ಮಾಡ್ತೀಯಂತಲ್ಲ, ನಮ್ಮ ಮುನ್ನೀಗೆ ಒಂದು ಮಾಡಿಕೊಡಪ್ಪಾ ಅಂದ. ಸಿರಿಯಣ್ಣ ತಲೆ ತಗ್ಗಿಸಿ, ಸಾಬ್ರೇ, ಅದನ್ನ ಬಿಟ್ಟುಬಿಟ್ಟಿದೀನಿ, ಕೇಳಬೇಡಿ ಅಂದ. ಆಗ ಸಾಬಿ, ಹೆಣೀಬೇಡ, ಬಂದು ಒಂದ್ಸಲ ನೋಡಿ ಹೋಗು, ಅಷ್ಟೇ ಅಂದ. ಸಿರಿಯಣ್ಣ ಹೋದ. ಮುನ್ನಿ ಇವನನ್ನ ನೋಡಿದ್ಲು, ನಡುಗ್ತಾನೇ ಹತ್ತಿರ ಬಂದು, ಸಣ್ಣ ಸೊಂಡಿಲಿಂದ ಅವನ ಒಂದು ಬೆರಳು ಸುತ್ಕೊಂಡು, ಬಿಡಲೇ ಇಲ್ಲ. ಸಿರಿಯಣ್ಣ ಹಾಗೇ ನಿಂತಿದ್ದು, ಇನ್ನೊಂದು ಕೈಯಲ್ಲಿ ಅವಳ ಹೊಟ್ಟೆ ಸುತ್ತಳತೆ ತಗೊಂಡ್ನಂತೆ.

ಏನಂದೆ? ಆನೆಗೆ ಎಷ್ಟು ಉಣ್ಣೆ ಬೇಕು ಅಂತಾನಾ? ಅದೇ ಮತ್ತೆ! ಬೊಮ್ಮಕ್ಕ ಎತ್ತಿನ ಗಾಡಿ ಹೂಡಿಸ್ಕೊಂಡು ಗುಡ್ಡದ ಹಟ್ಟಿಗೆ ಹೋಗಿ, ಮಾರಜ್ಜಿ ಹತ್ತಿರ ಇದ್ದಬದ್ದ ಉಣ್ಣೆ ಎಲ್ಲಾ ಹೇರ್ಕೊಂಡು ಬಂದ್ಲು. ಸಿರಿಯಣ್ಣ ತೋಳುದ್ದದ ಬಿದಿರು ಕಡ್ಡಿ ನುಣ್ಣಗೆ ಕೆತ್ತಿದ. ಲಾಯದ ಮುಂದೆ ಬಿಸಿಲಲ್ಲಿ, ಎಲ್ಲರ ಕಣ್ಣೆದುರಿಗೇ ಕೂತ. ದುಗ್ಗಪ್ಪ ಗರಡಿ ಹುಡುಗರನ್ನ ಕಟ್ಕೊಂಡು ನಗೋಕೆ ಅಂತ ಬಂದ. ಸಿರಿಯಣ್ಣ ತಲೆ ಎತ್ತದೆ, ಬಂದ್ಯಾ, ಈ ಉಣ್ಣೆ ನೂಲಿನ ಲಡಿ ಹಿಡ್ಕೊ, ಎರಡೂ ಕೈ ಚಾಚು, ಇಳಿಸಬೇಡ, ಉಂಡೆ ಸುತ್ತಬೇಕು ಅಂದ. ದುಗ್ಗಪ್ಪ ಏನೋ ಹೇಳೋಕೆ ಬಾಯಿ ತೆಗೆದ, ಅಷ್ಟರಲ್ಲಿ ಮುನ್ನಿ ಒಳಗಿಂದ ಕೂಗಿದ್ಲು. ಬಾಯಿ ಮುಚ್ಚಿ ಕೈ ಚಾಚಿದ. ಆಮೇಲೆ ಗರಡಿ ಹುಡುಗರೆಲ್ಲಾ ಸಾಲಾಗಿ ಕೂತು ಕೈ ಚಾಚಿದ್ರು. ಕಲ್ಲುಗುಂಡು ಎತ್ತೋ ಕೈಗಳು ಉಣ್ಣೆ ಲಡಿ ಹಿಡಿದು ನೋವಿಗೆ ಥರಗುಟ್ಟಿದ್ವಂತೆ.

ಮೊದಲನೇ ಅಂಗಿ ಹಾಕಿದ್ರೆ ಮುನ್ನಿ ಅದರ ಅಂಚನ್ನೇ ಜಗಿದು ಹಾಕಿದ್ಲು. ಬಿಚ್ಚಿದ. ಎರಡನೇದು ಹೊಟ್ಟೆಗೆ ಹಿಡಿಸ್ತು, ಕತ್ತಿಗೆ ಬಿಗಿಯಾಗಿ ಉಸಿರು ಕಟ್ಟೋ ಹಾಗಾಯ್ತು. ಅದನ್ನೂ ಬಿಚ್ಚಿದ. ಮರಿಗೆ ನಿಲ್ಲೋಕೂ ಶಕ್ತಿ ಉಳಿದಿರಲಿಲ್ಲ, ಹುಲ್ಲಿನ ಮೇಲೆ ಮಲಗಿಬಿಟ್ಟಿತ್ತು. ಪಂಡಿತರು, ಇನ್ನು ಪ್ರಯೋಜನ ಇಲ್ಲ ಅಂದ್ರು. ಸಿರಿಯಣ್ಣ ಕೇಳಿಸ್ಕೊಳ್ಳದೋನ ಹಾಗೆ ಮತ್ತೆ ಕುಣಿಕೆ ಹಾಕಿದ. ಮೈ ಎಲ್ಲಾ ಸರಿಬಂತು, ಆದ್ರೆ ಕತ್ತು, ಕಿವಿ ಹಿಂದೆ, ಅಲ್ಲಿಗೆ ಎಷ್ಟೇ ಒಳ್ಳೇ ಉಣ್ಣೆ ಹಾಕಿದ್ರೂ ಆ ಕೆಂಪು ಗಾಯಕ್ಕೆ ಚುಚ್ಚುತ್ತೆ. ಬೊಮ್ಮಕ್ಕ ಮನೆಗೆ ಹೋಗಿ ರಾಗಿ ವಾಡೆಯಿಂದ ಆ ಕಂದು ಉಂಡೆ ತಂದು ಅವನ ಪಕ್ಕದಲ್ಲಿ ಇಟ್ಲು. ಸಿರಿಯಣ್ಣ ಅದನ್ನ ಎತ್ತಿ ಒಂದ್ಸಲ ಕೆನ್ನೆಗೆ ಒತ್ಕೊಂಡ. ಆಮೇಲೆ ಅದರ ತುದಿ ಎಳೆದು ಕಡ್ಡಿಗೆ ಸುತ್ತಿದ. ಉಂಡೆ ಸಣ್ಣದಾಗ್ತಾ, ಸಣ್ಣದಾಗ್ತಾ, ನಿಂಬೆಹಣ್ಣಷ್ಟಾಗಿ, ಗೋಲಿಯಷ್ಟಾಗಿ, ಇಲ್ಲವಾಯ್ತು.

ಅಂಗಿ ತೊಡಿಸಿದ್ರು. ಎಲ್ಲಾ ಉಸಿರು ಹಿಡ್ಕೊಂಡು ನಿಂತ್ರು. ಏನೂ ಆಗಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ಸಿರಿಯಣ್ಣ ಹುಲ್ಲಿನ ಮೇಲೆ ಕೂತು ಮರಿ ತಲೇನ ತೊಡೆ ಮೇಲೆ ಇಟ್ಕೊಂಡ. ಹೊತ್ತು ಇಳಿಯೋ ಹೊತ್ತಿಗೆ ನಡುಕ ಸ್ವಲ್ಪ ಕಮ್ಮಿ ಆಯ್ತು. ಇನ್ನೂ ಸ್ವಲ್ಪ ಹೊತ್ತಿಗೆ ನಿಂತೇಹೋಯ್ತು. ಇಮಾಮ್ ಸಾಬಿ ಬಿದಿರು ಕೊಳವೇಲಿ ಹಾಲು ತಂದು ಬಾಯಿಗಿಟ್ಟ. ಮುನ್ನಿ ಒಂದು ಗುಟುಕು ಕುಡಿದ್ಲು. ನಿಲ್ಲಿಸಿದ್ಲು. ಆಮೇಲೆ ಗಟಗಟ ಅಂತ ಪೂರಾ ಕುಡಿದು, ಕೊಳವೇನೂ ಕಚ್ಚಿದ್ಲಂತೆ. ಸಾಬಿ ಅತ್ಕೊಂಡು ದುಗ್ಗಪ್ಪನ್ನ ತಬ್ಕೊಂಡ. ದುಗ್ಗಪ್ಪ ಲಡಿ ಕೈಯಲ್ಲಿ ಹಿಡಿದೇ ಅಳ್ತಿದ್ದ.

ಹೊಟ್ಟೆ ತುಂಬಿದ ಮರಿ ಸಿರಿಯಣ್ಣನ ತೊಡೆ ಮೇಲೇ ನಿದ್ದೆ ಹೋಯ್ತು. ಆನೆಮರಿ ತಲೆ ಅಂದ್ರೆ ಭಾರ ಏನು ಕಮ್ಮೀನಾ! ಅವನ ಕಾಲು ಜೋಮು ಹಿಡೀತು, ಆದ್ರೂ ಮಿಸುಕಲಿಲ್ಲ. ಅಷ್ಟರಲ್ಲಿ ದೊರೆ ಬಂದ. ಎಲ್ಲಾ ಎದ್ದು ನಿಂತ್ರು. ಸಿರಿಯಣ್ಣ ಏಳಲಿಲ್ಲ. ಬುದ್ಧೀ, ಎದ್ರೆ ಎಚ್ಚರ ಆಗ್ತಾಳೆ ಅಂತ ಪಿಸುಗುಟ್ಟಿದ. ದೊರೆ ನೋಡಿದ, ಕಾಲಲ್ಲಿದ್ದ ಚಪ್ಪಲಿ ಸದ್ದಾಗುತ್ತೆ ಅಂತ ಬಿಚ್ಚಿಟ್ಟ, ಬಂದು ಆ ಹುಲ್ಲಿನ ಮೇಲೇ ಅವನ ಪಕ್ಕ ಕೂತ. ಕೂತು ಮೆಲ್ಲಗೆ, ಸಿರಿಯಣ್ಣಾ, ಆವತ್ತು ಜನದ ಜೊತೆ ನಾನೂ ನಗಬಾರದಿತ್ತು ಅಂದ. ಗರಡಿಗೆ ವಾಪಸ್ ಬರ್ತೀಯಾ ಅಂತ ಕೇಳಿದ. ಇವನು ಅಷ್ಟೇ ಮೆಲ್ಲಗೆ, ಬರ್ತೀನಿ ಬುದ್ಧೀ, ಬೆಳಿಗ್ಗೆ ಕುಸ್ತಿ, ಮಧ್ಯಾಹ್ನ ಹೆಣಿಗೆ, ಆಗಬಹುದಾ ಅಂದ. ದೊರೆ ತಲೆ ಆಡಿಸಿ, ಅಂಗಿ ಅಂಚನ್ನ ಒಂದು ಬೆರಳಲ್ಲಿ ಮುಟ್ಟಿ ನೋಡಿ, ಚೆನ್ನಾಗಿದೆ ಅಂದ್ನಂತೆ.

ಆಮೇಲೆ ಸಿರಿಯಣ್ಣ ಗರಡಿಗೆ ಹೋದ, ದುಗ್ಗಪ್ಪ ತಾನಾಗೇ ಜಾಗ ಬಿಟ್ಟುಕೊಟ್ಟ, ಬೊಮ್ಮಕ್ಕ ಬಾಗಿಲು ತೆರೆದಿಟ್ಟು ಅವರೆಕಾಯಿ ಸುಲಿದ್ಲು, ಮುನ್ನಿ ದಪ್ಪಗೆ ಬೆಳೆದ್ಲು, ಎಲ್ಲರೂ ಸುಖವಾಗಿದ್ರಂತೆ.

ಶ್... ಮೆಲ್ಲಗೆ. ಆ ಕಡೆ ಆನೆಮರಿ ಮಲಗಿದೆ, ಈ ಕಡೆ ಕತೆ ಮಲಗ್ತು. ಇನ್ನು ನೀನೊಬ್ನೇ ಬಾಕಿ.