ಏಳು ಮನೆಯ ದಾರಿ

ಬಂದರಿನಲ್ಲಿ ಕೆಂಪು ಬಾವುಟ ಏರಿತ್ತು. ಬಿರುಗಾಳಿ ಬರಬಹುದು ಎಂದು ರೇಡಿಯೋ ಹೇಳಿತ್ತು.

"ಬರಬಹುದು ಅಂದರೆ ಬರುವುದಿಲ್ಲ ಅಂತಲೇ ಲೆಕ್ಕ. ಹೋದ ವಾರವೂ ಹೀಗೇ ಹೆದರಿಸಿದರು. ಬೋಟು ಬಿಡು," ಎಂದರು ಬೋಟಿನ ಧಣಿ ಪದ್ಮನಾಭರು.

ಬೋಟು ನಡೆಸುವ ಮುದುಕ ತಾಂಡೇಲ ಎದುರಾಡಲಿಲ್ಲ. "ಆಯ್ತು ಧಣಿ. ಹೋದ ವರ್ಷ ಬೋಟು ಬಿರುಗಾಳಿಗೆ ಸಿಕ್ಕಾಗ ನಾನು ಜ್ವರ ಬಂದು ದಡದಲ್ಲಿದ್ದೆ. ಸಾವಿನ ಸುದ್ದಿ ನಾನೇ ಮುಟ್ಟಿಸಿದೆ. ಈ ಸಲ ನಾನೂ ಬೋಟಿನಲ್ಲಿರುತ್ತೇನೆ. ಹೇಳಲಿಕ್ಕೆ ನೀವೇ ಹೋಗಬೇಕಾದೀತು. ಬನ್ನಿ, ನಮ್ಮ ಏಳು ಮಂದಿಯ ಮನೆ ತೋರಿಸಿಬಿಡುತ್ತೇನೆ."

ಧಣಿ ನಗುತ್ತಲೇ ಹೊರಟರು. ಮೊದಲನೆಯ ಮನೆಯಲ್ಲಿ ಸಂಜೀವನ ಹೆಂಡತಿ ಬೆಲ್ಲ, ನೀರು ತಂದಿಟ್ಟಳು. "ಧಣಿಗಳು ನಮ್ಮ ಮನೆ ತನಕ! ಏನು ಸುದ್ದಿ?"

ಧಣಿ ಬೆಲ್ಲ ಮುಟ್ಟಲಿಲ್ಲ. ಎರಡನೆಯ ಮನೆಗೂ ಹೋಗಲಿಲ್ಲ. "ಬೋಟು ಕಟ್ಟಿಹಾಕು," ಎಂದರು.

ಮರುದಿನ ಚೆನ್ನಾಗಿ ಬಿಸಿಲು ಕಾಯಿತು. "ಎಲ್ಲೋ ನಿನ್ನ ಬಿರುಗಾಳಿ?" ಎಂದು ಧಣಿ ಎಲ್ಲರೆದುರು ಕೂಗಾಡಿದರು.

"ಬರಲಿಲ್ಲ ಧಣಿ. ಬೈಸಿಕೊಳ್ಳಲಿಕ್ಕೆ ಏಳು ಮಂದಿಯೂ ಇದ್ದೇವೆ," ಎಂದ ತಾಂಡೇಲ. "ಹೋದ ವರ್ಷವೂ ರೇಡಿಯೋ ಬರಬಹುದು ಅಂತಲೇ ಹೇಳಿತ್ತು. ಆ ಸಲ ನಾನು ಸುದ್ದಿ ಮುಟ್ಟಿಸಿದ್ದು ನನ್ನ ಮನೆಗೇ. ಬೋಟಿಗೆ ಹೋಗಿದ್ದ ಮಗ ಬಂದನೆಂದು ನನ್ನವಳು ನೀರು ಹಿಡಿದು ಬಾಗಿಲಿಗೆ ಬಂದಿದ್ದಳು."